ಸಾಪಿಯೆಂಟೆರ್‌ಗೆ ನಾನು ಕೊಟ್ಟ ಉದಾಹರಣೆ

ನವೆಂಬರ್ 11, ಬುಧವಾರ.

ಲ್ಯಾಟಿನ್ ನಿಘಂಟಿನ ಕರಡಚ್ಚು ಇವತ್ತೇ ಬರಬೇಕಿತ್ತೇ? ಅದರಲ್ಲಿ ನಾನೇ ಬರೆದದ್ದು: ‘ಸಾಪಿಯೆಂಟೆರ್: ವಿವೇಕದಿಂದ, ಹಿಂದುಮುಂದು ಯೋಚಿಸಿ. ಬರೀ ಜಾಣತನಕ್ಕೆ ಸಲ್ಲದು. ಉದಾ: ಅವನು ವಿವೇಕದಿಂದ ಸುಮ್ಮನಿದ್ದನು.’

ತಂಗಿಯ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದ ವಾರ ಆ ಉದಾಹರಣೆ ಹೊಳೆದಿತ್ತು. ಆಗಸ್ಟಿನಲ್ಲಿ. ಅವಳಿಗೆ ರಕ್ತ ಕಡಿಮೆ ಎಂದಷ್ಟೇ ಹೇಳಿದೆ. ಒಳಗೊಳಗೇ ಎಷ್ಟು ಬೀಗಿದ್ದೆ!

ಇವತ್ತು ಮಧ್ಯಾಹ್ನ ನನ್ನ ಮೇಜಿನ ಖಾನೆಯಲ್ಲಿ ಕತ್ತರಿ ಹುಡುಕಲು ಹೋಗಿ ಅವಳು ಡಾಕ್ಟರ ರಿಪೋರ್ಟು ಓದಿಬಿಟ್ಟಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

“ಆಗ ನಂಗೆ ಮೆಟ್ಟಿಲು ಇಳಿಯೋಕಾಗ್ತಿತ್ತು ಅಣ್ಣಾ,” ಎಂದಳು. “ರೈಲು ಹತ್ತಿ ಮಗಳ ಮನೆಗೆ ಹೋಗಿ ಬರ್ತಿದ್ದೆ. ಸ್ವಲ್ಪ ಹುಷಾರಾಗ್ಲಿ, ಆಮೇಲೆ ಹೋದ್ರಾಯ್ತು ಅಂತ ಕೂತೆ. ನೀನೂ ಹೂಂ ಅಂದೆ.”

“ನಿನ್ನ ಒಳ್ಳೇದಕ್ಕೇ ಕಣೇ...”

“ಗೊತ್ತು ಬಿಡು. ನೀನು ಯಾವತ್ತೂ ಹಿಂದುಮುಂದು ಯೋಚ್ಸಿನೇ ಮಾಡೋನು.”

ಅಷ್ಟೇ. ಗೋಡೆಯ ಕಡೆ ಹೊರಳಿ ಮಲಗಿದಳು.

ಬೆಳಿಗ್ಗೆ ಕರಡು ತಿದ್ದಿ ಕಳಿಸಬೇಕು. ವಾಕ್ಯದಲ್ಲಿ ತಪ್ಪಿಲ್ಲ, ಪದದ ಅರ್ಥವೂ ಸರಿಯಾಗಿದೆ. ಆದರೂ ಅದನ್ನು ಹೊಡೆದುಹಾಕಿ ಬೇರೆ ಉದಾಹರಣೆ ಬರೆಯೋಣವೆಂದು ಒಂದು ಗಂಟೆ ಹೊತ್ತಿನಿಂದ ಪೆನ್ನು ಹಿಡಿದಿದ್ದೇನೆ. ವಿವೇಕದಿಂದ ಮನುಷ್ಯ ಮತ್ತೇನು ಮಾಡುತ್ತಾನೋ ಒಂದೂ ತೋಚುತ್ತಿಲ್ಲ. ಅರವತ್ತೆರಡು ವರ್ಷ ಬದುಕಿದವನಿಗೆ ಒಂದೂ!

ಪಕ್ಕದ ಕೋಣೆಯಲ್ಲಿ ಅವಳಿನ್ನೂ ಎಚ್ಚರವಾಗಿದ್ದಾಳೆ, ಕೆಮ್ಮು ಕೇಳುತ್ತಿದೆ. ಎದ್ದು ಹೋಗಿ ಏನಾದರೂ ಹೇಳಬೇಕು. ಇಲ್ಲೇ ಕೂತಿದ್ದೇನೆ, ಸುಮ್ಮನೆ.