ಚಾಕ್‌ಪೀಸ್ ಡಬ್ಬಿ

೨೧ ನವೆಂಬರ್, ಶುಕ್ರವಾರ. ಕೆ.ಆರ್. ಪುರ

ನಮ್ಮ ಐಟಿಐನ ಫಿಟ್ಟರ್ ಸ್ಪರ್ಧೆಯಲ್ಲಿ ತನ್ಮಯಿಗೆ ಮೊದಲ ಬಹುಮಾನ. ನನಗೆ ಮೂರನೆಯದೂ ಇಲ್ಲ.

ಅವಳು ಜೋಡಿಸಿದ ಎರಡು ಕಬ್ಬಿಣದ ತುಂಡುಗಳನ್ನು ಸರ್ ಟ್ಯೂಬ್‌ಲೈಟಿಗೆ ಹಿಡಿದರು. ಸಂದಿಯಲ್ಲಿ ಒಂದೆಳೆ ಬೆಳಕೂ ಕಾಣಲಿಲ್ಲ. ನನ್ನದರಲ್ಲಿ ಕಂಡಿತು. ಅವಳದಕ್ಕಿಂತ ನುಣುಪಾಗಲೆಂದು ಕೊನೆಗೆ ಇನ್ನೊಂದೇ ಒಂದು ಸಲ ಅರ ಆಡಿಸಿದ್ದೆ. ಉಜ್ಜಿ ತೆಗೆದದ್ದನ್ನು ಮತ್ತೆ ಅಂಟಿಸಲಾಗುತ್ತದೆಯೇ?

ಅವಳು ಮೈಕ್ ಹಿಡಿದು, "ಅರದ ಹಲ್ಲಿಗೆ ಚಾಕ್‌ಪೀಸ್ ಉಜ್ಜಿದ್ರೆ ಕಬ್ಬಿಣದ ಪುಡಿ ಕಚ್ಕೊಳಲ್ಲ, ಗೀರು ಬೀಳಲ್ಲ. ನಂಗೆ ಇದನ್ನ ಹೇಳ್ಕೊಟ್ಟಿದ್ದು ನಮ್ಮ ಭೀಮಬಾಯಿ" ಅಂದಳು. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನನ್ನ ಹೆಸರು ಹೇಳದೆ ಇದ್ದಿದ್ದರೆ ಅವಳನ್ನು ನೆಮ್ಮದಿಯಾಗಿ ಬೈದುಕೊಳ್ಳಬಹುದಿತ್ತು. ಅದಕ್ಕೂ ಕಲ್ಲು ಹಾಕಿದಳು.

ಬಸ್ ಸ್ಟಾಪಿನಲ್ಲಿ ಕೇಳಿದಳು: "ಜಿಲ್ಲಾ ಮಟ್ಟಕ್ಕೆ ಪ್ರಾಕ್ಟೀಸ್ ಮಾಡ್ಬೇಕು ಕಣೇ, ನಿನ್ ಚಾಕ್‌ಪೀಸ್ ಕೊಡ್ತೀಯಾ?"

"ಎಲ್ಲಾ ಮುಗಿದಾವ" ಅಂದೆ. ಬ್ಯಾಗಿನಲ್ಲಿ ಡಬ್ಬಿ ತುಂಬ ಇದ್ದವು.

"ಅಯ್ಯೋ, ನಿಂಗೂ ಇಲ್ವಾ?" ಅಂದವಳೇ ಎದುರಿನ ಅಂಗಡಿಗೆ ಓಡಿ, ಎರಡು ಡಬ್ಬಿ ತಂದು, ಒಂದನ್ನು ನನ್ನ ಕೈಗಿಟ್ಟಳು.

ಈಗ ನನ್ನ ಹತ್ತಿರ ಎರಡು ಡಬ್ಬಿ ಇವೆ. ಅವಳು ಕೊಟ್ಟಿದ್ದನ್ನು ಒಡೆಯಲು ಕೈಯೇ ಬರುತ್ತಿಲ್ಲ.