ಬಾಳವ್ವನ ಡಬ್ಬಿ

ಶನಿವಾರ, ೮ ಜನವರಿ ೧೯೩೮

ಮತ್ತೆ ಸೂಜಿ ಎಣಿಕೆ. ಕುತ್ತಿಗೆ ಹಿಡಿದುಕೊಂಡಿದೆ. ಖಾದರಬಾಷಾ ಚಾಚಾನ ಗ್ರಾಮಫೋನು ಅಂಗಡಿ ಸೇರಿ ಎಂಟು ತಿಂಗಳು. ಇಷ್ಟು ದಿನ ಒಂದೇ ಕಡೆ ನಿಂತದ್ದು ಇದೇ ಮೊದಲು. ಇಳಕಲ್ಲಿನ ಮಗ್ಗ ಬಿಟ್ಟೆ, ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿ ಬಿಟ್ಟೆ, ಗೂಡ್ಸ್ ಶೆಡ್ ಬಿಟ್ಟೆ...

ಇಲ್ಲಿ ಗಿರಾಕಿ ಕೇಳಿದ ಹಾಡಿನ ಪ್ಲೇಟು ಹಚ್ಚಬೇಕು. ಒಂದು ಸಲಕ್ಕೆ ಒಂದು ಹೊಸ ಸೂಜಿ. ಸವೆದ ಸೂಜಿ ಆ ಪ್ಲೇಟಿನ ಡಬ್ಬಿಗೆ. ಶನಿವಾರ ಡಬ್ಬಿ ಸುರಿದು ಎಣಿಸುವುದು. ಹೆಚ್ಚು ಸೂಜಿ ಬಿದ್ದ ಹತ್ತು ಹಾಡು ಹೊರಗಿನ ಕರಿಹಲಗೆಯ ಮೇಲೆ. ಕಮರಿಪೇಟೆಯ ಅರ್ಧ ಜನ ನೋಡಲು ಸೇರುತ್ತಾರೆ. ಯಾವ ಹಾಡು ಮೇಲೆಂದು ಟಾಂಗಾದವರು ಜಗಳವಾಡುತ್ತಾರೆ.

“ಬಾಯಿಲೆ ಹೇಳಿದ್ದು ನಾ ನಂಬಂಗಿಲ್ಲ. ಡಬ್ಬ್ಯಾಗ ಸೂಜಿ ತೋರ್ಸು,” ಚಾಚಾ ಯಾವಾಗಲೂ ಹೇಳುವುದು.

ಈ ವಾರದ ಹಲಗೆಯಲ್ಲಿ ಬಾಳವ್ವನ ಪ್ಲೇಟು ಐದನೆಯದು.

ಮಂಗಳವಾರ, ೧೧

ಬಾಳವ್ವ ಧಾರವಾಡದಿಂದ ಬಂದಿದ್ದಳು. ನಾಟಕ ಕಂಪನಿ ಮುಳುಗಿದ ಮೇಲೆ ಮದುವೆ ಮನೆಗಳಲ್ಲಿ ಹಾಡುತ್ತಾಳೆ. ಇಡೀ ಜನ್ಮಕ್ಕೆ ಒಂದೇ ಪ್ಲೇಟು. ಮುಂಬಯಿಯ ಪ್ಲೇಟು ಕಂಪನಿ ಏಜೆಂಟ್ ರಮಾಕಾಂತರಾಯರು ೨೨ಕ್ಕೆ ಬರುತ್ತಾರಂತೆ. ಅಂದಿನ ನಮ್ಮ ಹಲಗೆಯ ಮೊದಲ ಐವರಿಗೆ ಮುಂಬಯಿಯಲ್ಲಿ ಇನ್ನೊಂದು ಪ್ಲೇಟಿಗೆ ಹಾಡುವ ಕರೆ.

“ನನಗ ಕರದ್ರ ನೀನೂ ಬಾರೋ ಪಂಢರಿ. ತಂಬೂರಿ ಹಿಡಿಯಾಕ ಒಬ್ರು ಬೇಕಲ್ಲ.”

“ನನಗ ತಂಬೂರಿ ಬರಂಗಿಲ್ಲ, ಬಾಳಕ್ಕಾ.”

“ಹಿಡಕೊಂಡು ಕುಂದ್ರಾಕ ಬರತೈತಿಲ್ಲೋ? ಉಳದದ್ದು ಆಮ್ಯಾಲ ಕಲೀತಿ.”

ಮುಂಬಯಿ... ಸಂಜೆ ಸ್ಟೇಷನ್ನಿಗೆ ಹೋಗಿ, ಅತ್ತ ಹೋಗುವವರು ಹತ್ತುವ ಪುಣೆ ಗಾಡಿ ನೋಡಿ ಬಂದೆ. ಸುಮ್ಮನೆ.

ಶನಿವಾರ, ೧೫

ನಾಲ್ಕನೆಯದು! ಆದರೆ ಪ್ಲೇಟು ಸವೆದಿದೆ. ನಡುವೆ ಕಡಲೆ ಹುರಿದ ಹಾಗೆ ಸದ್ದು. ಅಂಗಡಿಯಲ್ಲಿ ಇರುವುದು ಇದೊಂದೇ. ಇನ್ನೊಂದು ವಾರ ತಾಳೀತೇ? ಕೆಟ್ಟರೆ ಯಾರು ಕೇಳುತ್ತಾರೆ?

ಸೋಮವಾರ, ೧೭

ಚಾಚಾ ತಂಗಿಯ ಮಗಳ ಮದುವೆಗೆ ಸವಣೂರಿಗೆ. ಬರುವುದು ಶನಿವಾರ. ಶನಿವಾರ ಬಾಳವ್ವನ ಪ್ಲೇಟು ಕೇಳಿ ಕಿವಿ ಮುಚ್ಚಿಕೊಂಡಿದ್ದ ಗಡಿಯಾರ ರಿಪೇರಿಯ ಅಲ್ಲಾಸಾಬ ಇವತ್ತು ಬಾಗಿಲು ತೆಗೆಯುತ್ತಲೇ ಬಂದ.

“ಉಕ್ಕಿನ ಸೂಜಿ ಹಾಕಿ ಆಕೀ ಗಂಟಲಾ ಕೊರ್ಯಾಕತ್ತೀಯಲ್ಲೋ! ಜಾಲಿ ಮುಳ್ಳು ಹಚ್ಚಿ ನೋಡು. ಮೊಂಡಾತಂದ್ರ ತುದಿ ಕತ್ತರಿಸಿ ಮತ್ತ ಹಚ್ಚು.”

“ಚಾಚಾಗ ಗೊತ್ತಾದ್ರ?”

“ಸೂಜಿ ಮಾರಾಂವ ಮುಳ್ಳು ಕಂಡ್ರ ನಿನ್ನ ಹೊರಗ ಹಾಕ್ತಾನ. ಗೊತ್ತ್ಯಾಕ ಮಾಡ್ತಿ?”

ಹಚ್ಚಿದೆ. ಕಡಲೆ ಸದ್ದು ಹೋಯಿತು. ಬಾಳವ್ವ ಉಸಿರು ಎಳೆದುಕೊಳ್ಳುವುದೂ ಕೇಳಿಸಿತು.

ಗುರುವಾರ, ೨೦

ಬರೆಯಲು ಪುರಸತ್ತಿಲ್ಲ. ಬೀದಿಯಲ್ಲಿ ಹೋಗುವವರು ಒಳಗೆ ಬಂದು ಬಾಳವ್ವನ ಪ್ಲೇಟನ್ನೇ ಕೇಳುತ್ತಾರೆ. ಇವತ್ತೊಂದೇ ದಿನ ಒಂಬತ್ತು ಸಲ! ಈ ವಾರ ಹಲಗೆಯ ಮೊದಲ ಸಾಲಿನಲ್ಲಿ ಅವಳೇ.

ಟ್ರಂಕು ತುಂಬಿದೆ. ತೆಗೆದೆ. ಮತ್ತೆ ತುಂಬಿದೆ.

ಶನಿವಾರ, ೨೨



ಚಾಚಾ ಬಂದವನೇ ಎಣಿಸಲು ಕೂತ. ರಮಾಕಾಂತರಾಯರು ನೋಟ್‌ಬುಕ್ ತೆರೆದು ಎದುರಿಗೆ. ಬಾಳವ್ವ ಬಾಗಿಲಲ್ಲಿ, ಹೊಸ ಕುಬಸ ತೊಟ್ಟು.

“ಏನಪಾ ಪಂಢರಿ, ಬಾಳವ್ವನ ಡಬ್ಬಿ ಖಾಲಿ ಐತಿ?”

ಎಂಟು ತಿಂಗಳು ಸೂಜಿ ಎಣಿಸಿದವನಿಗೆ ಇದೊಂದು ಹೊಳೆಯಲಿಲ್ಲ. ವಾರವಿಡೀ ಮುಳ್ಳಿನ ಮೇಲೆ ಹಾಡಿದವಳ ಡಬ್ಬಿಗೆ ಸೂಜಿ ಎಲ್ಲಿಂದ ಬರಬೇಕು?

“ಒಬ್ರೂ ಕೇಳಿಲ್ಲೇನು?”

ಹೇಳಬೇಕಿತ್ತು. ಮುಳ್ಳು ಎಂದರೆ ಅಂಗಡಿಯಿಂದ ಹೊರಗೆ. ಬೇರೆ ಡಬ್ಬಿಗಳನ್ನು ಚಾಚಾನ ಮುಂದೆ ಸರಿಸಿದೆ.

ಚಾಚಾ ಹತ್ತು ಹಾಡು ಬರೆದ. ರಾಯರು ನಕಲು ಮಾಡಿಕೊಂಡರು. ಬಾಳವ್ವನಿಗೆ ಓದು ಬರುವುದಿಲ್ಲ. ಬೀದಿಯಲ್ಲಿ ನಿಂತಿದ್ದ ಟಾಂಗಾದ ಮಹಾದೇವಪ್ಪನಿಂದ ಓದಿಸಿದಳು. ಹತ್ತೂ ಓದಿದ.

“ಮುಂದ?”

“ಮುಂದ ಹಲಗೀನ ಮುಗದೈತ್ಯವ್ವಾ.”

ಅವಳು ನನ್ನ ಕಡೆ ನೋಡಲೂ ಇಲ್ಲ. ಸೆರಗು ಹೊದ್ದು ಹೋದಳು.

ರವಿವಾರ, ೨೩

ಸುಮ್ಮನೆ ಊರು ಸುತ್ತಿದೆ. ರಾಯರ ಲಾಡ್ಜಿನ ಮೆಟ್ಟಿಲವರೆಗೆ ಹೋಗಿ ವಾಪಸು. ಎರಡು ಸಲ. ಮೊಂಡಾದ ಮುಳ್ಳುಗಳನ್ನೆಲ್ಲ ಕಸದ ಜೊತೆ ಗುಡಿಸಿ ಹಾಕಿದ್ದೇನೆ. ಅಂಗಿ ಕಿಸೆಯಲ್ಲಿ ಒಂದೇ ಉಳಿದಿದೆ. ಇನ್ನೊಮ್ಮೆ ಕತ್ತರಿಸುವಷ್ಟು ಉದ್ದವಿದೆ.

ರಾಯರು ನಾಳೆ ಪುಣೆ ಗಾಡಿಗೆ. ನಾನೂ ಯಾವುದಾದರೂ ಗಾಡಿ ಹತ್ತಿ... ಎಲ್ಲ ಕಡೆಯಿಂದಲೂ ಹೀಗೇ ಹೋದವನು.

ಸೋಮವಾರ, ೨೪. ಮುಂಜಾನೆ

ಚಾಚಾನ ಮನೆಗೆ ಹೋಗಿ ಹೇಳಿದೆ. ಹಲ್ಲುಜ್ಜುತ್ತಿದ್ದವನು ಬೇವಿನ ಕಡ್ಡಿ ಬಾಯಿಂದ ತೆಗೆದ.

“ಮುಳ್ಳು? ನನ್ನ ಅಂಗಡ್ಯಾಗ?”

“ಹೂಂ ಚಾಚಾ.”

“ಎಷ್ಟು ಸಲ ಹಚ್ಚಿದಿ?”

“ಮೂವತ್ತಕ್ಕ ಕಡಿಮಿ ಇಲ್ಲ.”

ಒಳಗೆ ಹೋಗಿ ಅಂಗಡಿಯ ಬೀಗದ ಕೈ ತಂದ. “ಇವತ್ತಿನಿಂದ ನೀ ಬರಬ್ಯಾಡ.” ಅದನ್ನು ನನ್ನ ಮುಂದೆ ಒಗೆದ. “ಆದ್ರ ನನ್ನ ಹಲಗಿ ಸುಳ್ಳು ಹೇಳಬಾರದು. ಮಶೀನು, ಆಕೀ ಪ್ಲೇಟು ಎರಡೂ ಒಯ್ಯಿ. ರಾಯರ ಕಿವೀಗ ಹಾಕು. ಮಶೀನಿಗೆ ಪೆಟ್ಟು ಹತ್ತೀತು, ಜ್ವಾಕಿ.”

ಸ್ಟೇಷನ್, ಸಂಜೆ ಆರೂವರೆ

ಮಶೀನು ಬೆಂಚಿನ ಮೇಲೆ. ಸ್ಪ್ರಿಂಗಿಗೆ ಕೀಲಿ ತಿರುಗಿಸಿಯಾಯಿತು. ಮುಳ್ಳು ಕತ್ತರಿಸಿ ಕೂಡಿಸಿದ್ದೇನೆ, ಇದು ಕೊನೆಯದು. ಟ್ರಂಕು ತಂದಿಲ್ಲ.

ಸಿಗ್ನಲ್ ಬಿತ್ತು. ರಾಯರು ಹಮಾಲನೊಡನೆ ಬರುತ್ತಿದ್ದಾರೆ. ಮೊದಲು ಅವಳ ಹಾಡು. ನನ್ನ ತಪ್ಪು ಆಮೇಲೆ. ಇತ್ತ ನೋಡಿದರು. ಮುಳ್ಳು ಇಳಿಸುತ್ತೇನೆ —