ಮೂಗಿನ ಪರೀಕ್ಷೆ

ದೊಡ್ಡಮ್ಮಾ,

ನರಸಾಪುರದಿಂದ ನಿನ್ನ ಚಂದನ. ಫೋನ್ ಮಾಡೋಣವೆಂದರೆ ಫ್ಯಾಕ್ಟರಿಯ ಎಸಿಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿಲ್ಲ, ಅದಕ್ಕೇ ಈ ಕಾರ್ಡು.

ನಿನ್ನ ರೇಷ್ಮೆಹುಳುಮನೆಯ ಶೆಕೆ, ತೇವ ನೋಡಲೆಂದು ಸ್ಟೀಲ್ ಟಿಫಿನ್ ಡಬ್ಬಿಯೊಳಗೆ ಮಾಡಿಕೊಟ್ಟಿದ್ದೆನಲ್ಲ, ಆ ಯಂತ್ರಕ್ಕೆ ಇಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ ಬಂದಿದೆ. ಅಚ್ಚಿನಿಂದ ಇಡ್ಲಿಯ ಹಾಗೆ ಬಿಸಿಬಿಸಿಯಾಗಿ ಬೀಳುತ್ತದೆ. ಅದನ್ನು ಕಲ್ಲಿನ ಮೇಲೆ ಎತ್ತಿಹಾಕಿದರು, ನೀರಿನಲ್ಲಿ ಮುಳುಗಿಸಿದರು, ಒಲೆಯಂಥದ್ದರಲ್ಲಿ ಕಾಯಿಸಿದರು. ಎಲ್ಲದರಲ್ಲೂ ಪಾಸು! ಆದರೆ ಹೊಸ ಪ್ಲಾಸ್ಟಿಕ್ಕಿನ ನಾತ ಮಾತ್ರ ಹೋಗುತ್ತಿಲ್ಲ. ಈ ನಾತಕ್ಕೆ ಹುಳು ಸೊಪ್ಪು ಮುಟ್ಟುವುದಿಲ್ಲವೆಂದು ಹೇಳಿ ಹೇಳಿ ಸಾಕಾಯಿತು. ಮ್ಯಾನೇಜರ್ ಏಜಾಜ್ ಸಾಹೇಬರು ನಕ್ಕುಬಿಟ್ಟರು.

"ಮೇಡಂ, ಮೂಗಿಗೆ ಅಂತ ಟೆಸ್ಟೇ ಇಲ್ಲ. ಮುಂದಿನ ವಾರ ಸೈನ್ ಹಾಕ್ಬಿಡಿ, ಲೈನ್ ಓಡಿಸ್ತೀವಿ."

ಹಾಕಿದರೆ ಸಾವಿರಗಟ್ಟಲೆ ಹೀಗೇ ಬರುತ್ತವೆ. ಎಲ್ಲ ನಿನ್ನಂಥವರ ಮನೆಗೇ.

ಇಲ್ಲಿಗೆ ಶಿಫ್ಟಿಗೆ ಬರುವ ನಿನ್ನ ಪಕ್ಕದ ಮನೆ ಮುರಳಿಯ ಕೈಲಿ ಸೋಮವಾರ ಒಂದು ತಟ್ಟೆ ಹುಳು ಕಳಿಸು, ಸೊಪ್ಪಿನ ಸಮೇತ. ಹಾಳಾದರೆ ಬೈಯಬೇಡ. ಸಾಹೇಬರ ಮೇಜಿನ ಮೇಲೆ, ಈ ಪೆಟ್ಟಿಗೆಯ ಪಕ್ಕದಲ್ಲೇ ಇಡುತ್ತೇನೆ. ನನ್ನ ದನಿಯಂತೂ ಹೋಯಿತು, ಇನ್ನು ಹುಳುಗಳೇ ಹೇಳಲಿ.

ಫ್ಯಾಕ್ಟರಿ ಬಸ್ಸು ಹಾರನ್ ಹೊಡೆಯುತ್ತಿದೆ.

ಚಂದನ